ದಫ್ತರಕ್ಕೆ ಸೇರದ ಸತ್ಯ: ಸಮುರಾಯ್ ಕಾಲದ ಪತ್ತೇದಾರಿ ಚಿತ್ರಗಳು

ಪತ್ತೇದಾರಿ ಕಥೆ ಓದುಗನೊಡನೆ ಒಂದು ಕರಾರು ಮಾಡಿಕೊಂಡೇ ಶುರುವಾಗುತ್ತದೆ. ಕೊಲೆಗಾರ ಯಾರೆಂದು ಗೊತ್ತಾದ ಮೇಲೆ ಆ ತಿಳಿವಳಿಕೆಗೆ ಬೆಲೆ ಇರುತ್ತದೆ ಎಂಬುದೇ ಆ ಕರಾರು. ಷರ್ಲಾಕ್ ಹೋಮ್ಸ್ ತನ್ನ ತರ್ಕ ಬಿಡಿಸಿಟ್ಟ ಕೂಡಲೇ ಪೊಲೀಸ್ ಅಧಿಕಾರಿ ಲೆಸ್ಟ್ರೇಡ್ ಕೈಕೋಳ ಹಿಡಿದು ಮುಂದೆ ಬರುತ್ತಾನೆ. ಅವನ ಹಿಂದೆ ನ್ಯಾಯಾಲಯವಿದೆ, ಜ್ಯೂರಿ ಇದೆ, ಮರುದಿನದ ಪತ್ರಿಕೆ ಇದೆ. ಇದ್ಯಾವುದೂ ಇಲ್ಲದ ಕಡೆ ಪತ್ತೇದಾರನಿಗೆ ಏನು ಕೆಲಸ? ಸಾಕ್ಷ್ಯಕ್ಕಿಂತ ತಪ್ಪೊಪ್ಪಿಗೆ ದೊಡ್ಡದು, ತಪ್ಪೊಪ್ಪಿಗೆಗಿಂತ ಅಂತಸ್ತು ದೊಡ್ಡದು ಎಂದು ನಡೆಯುತ್ತಿದ್ದ ಸಮಾಜದಲ್ಲಿ ಅವನು ಕಂಡುಹಿಡಿದದ್ದನ್ನು ಯಾರ ಮುಂದೆ ಇಡಬೇಕು? 1603ರಿಂದ 1868ರವರೆಗೆ ತೊಕುಗಾವಾ ಶೋಗನ್‌ಗಳು ಆಳಿದ ಜಪಾನ್ ಅಂಥ ಸಮಾಜವಾಗಿತ್ತು. ಆದರೂ ಆ ಕಾಲವನ್ನೇ ಆರಿಸಿಕೊಂಡು ಜಪಾನಿನ ಚಿತ್ರರಂಗ ಮೂಕಿಚಿತ್ರಗಳ ದಿನಗಳಿಂದ ಪತ್ತೇದಾರಿ ಚಿತ್ರಗಳನ್ನು ತೆಗೆಯುತ್ತಲೇ ಬಂದಿದೆ. ಆ ರಾಶಿಯನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಅಲ್ಲಿನ ಒಳ್ಳೆಯ ಚಿತ್ರಗಳಲ್ಲಿ ಕೊಲೆಗಾರ ಯಾರೆಂಬುದು ಚಿಕ್ಕ ರಹಸ್ಯ, ನಡೆದದ್ದನ್ನು ದಫ್ತರದಲ್ಲಿ ಬರೆಯುವ ಅಧಿಕಾರ ಯಾರದ್ದು ಎಂಬುದು ದೊಡ್ಡ ರಹಸ್ಯ. ಈ ಅಳತೆಗೋಲು ಹಿಡಿದರೆ, ಪತ್ತೇದಾರಿ ಚಿತ್ರಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಯಾರೂ ಸೇರಿಸದ ಚಿತ್ರವೊಂದನ್ನು ಆ ಪ್ರಕಾರದ ತುದಿಗೆ ಇಡಬೇಕಾಗುತ್ತದೆ.

ಮೊದಲು ಹುಟ್ಟಿನ ಕಥೆ. 1917ರಲ್ಲಿ ಒಕಾಮೊತೊ ಕಿದೊ ಎಂಬ ನಾಟಕಕಾರ ಹೋಮ್ಸ್ ಕಥೆಗಳನ್ನು ಇಂಗ್ಲಿಷಿನಲ್ಲಿ ಓದಿ, ಅಂಥದ್ದನ್ನು ಎದೋ ನಗರದ ನೆಲದಲ್ಲಿ ಏಕೆ ಬರೆಯಬಾರದು ಎಂದುಕೊಂಡರು. ಎದೋ ಎಂದರೆ ಇಂದಿನ ಟೋಕಿಯೊ. ಕಿದೊ ಅವರ ತಂದೆ ಶೋಗನ್ ಆಡಳಿತದ ಸೇವೆಯಲ್ಲಿದ್ದವರು. ಮುಳುಗಿಹೋದ ಆ ಲೋಕದ ವಾಸನೆ ಮಗನ ಮನೆಯಲ್ಲಿ ಇನ್ನೂ ಉಳಿದಿತ್ತು. ಹಾಗೆ ಹುಟ್ಟಿದವನು ಹನ್‌ಶಿಚಿ. ಇವನ ಕಥೆಗಳಿಂದಲೇ ತೊರಿಮೊನೊಚೊ, ಅಂದರೆ ಅಪರಾಧಿಗಳನ್ನು ಹಿಡಿದ ಪ್ರಕರಣಗಳ ಕಡತ, ಎಂಬ ಹೆಸರು ಒಂದು ಸಾಹಿತ್ಯ ಪ್ರಕಾರಕ್ಕೆ ಅಂಟಿಕೊಂಡಿತು. ಕಿದೊ ಕಟ್ಟಿಕೊಂಡ ಚೌಕಟ್ಟನ್ನು ಗಮನಿಸಬೇಕು. ಪ್ರಕರಣಗಳು ನಡೆಯುವುದು ಶೋಗನ್ ಆಳ್ವಿಕೆಯ ಕೊನೆಯ ದಶಕಗಳಲ್ಲಿ, ಹೇಳುವುದು ಮಾತ್ರ ಅದರ ನಂತರದ ಮೇಜಿ ಕಾಲದಲ್ಲಿ. ಮುದುಕನಾದ ಹನ್‌ಶಿಚಿ ತನ್ನ ಮನೆಗೆ ಬರುವ ತರುಣ ಪತ್ರಕರ್ತನ ಮುಂದೆ ಹಳೆಯದನ್ನೆಲ್ಲ ಬಿಚ್ಚುತ್ತಾನೆ. ಇದನ್ನು ಬರೀ ಹಳೆಯ ದಿನಗಳ ಹಂಬಲ ಎಂದು ಓದುವವರೇ ಹೆಚ್ಚು, ಹಂಬಲವೂ ಅದರಲ್ಲಿದೆ ನಿಜ. ಆದರೆ ಹೋಮ್ಸನಿಗೆ ವಾಟ್ಸನ್ ಪಕ್ಕದಲ್ಲೇ ಇದ್ದ, ಹನ್‌ಶಿಚಿಗೆ ಬರೆದುಕೊಳ್ಳುವವನು ಸಿಕ್ಕಿದ್ದು ಆಳ್ವಿಕೆ ಬಿದ್ದುಹೋದ ಮೇಲೆ. ಆ ಪ್ರಕಾರದ ಮೊದಲ ಪುಸ್ತಕದಲ್ಲೇ, ಎದೋ ಕಾಲದ ಸತ್ಯವನ್ನು ಎದೋ ಕಾಲದಲ್ಲೇ ದಾಖಲಿಸಲು ಆಗುತ್ತಿರಲಿಲ್ಲ ಎಂಬ ತಿಳಿವಳಿಕೆ ಅಡಗಿ ಕುಳಿತಿದೆ.

ಆ ಕಾಲದ ಪೊಲೀಸ್ ವ್ಯವಸ್ಥೆಯನ್ನು ನೋಡಿದರೆ ಇದು ಆಶ್ಚರ್ಯವೇನಲ್ಲ. 18ನೇ ಶತಮಾನಕ್ಕೆ ಎದೋದ ಜನಸಂಖ್ಯೆ 10 ಲಕ್ಷದ ಆಸುಪಾಸಿಗೆ ಬಂದಿತ್ತು. ಪೇಟೆಯ ಜನರ ಆಡಳಿತ, ಪೊಲೀಸು, ನ್ಯಾಯ ಮೂರನ್ನೂ ನೋಡಿಕೊಳ್ಳಲು ಉತ್ತರದ್ದೊಂದು ದಕ್ಷಿಣದ್ದೊಂದು ಎಂದು ಎರಡು ಕಚೇರಿಗಳು. ಎರಡೂ ತಿಂಗಳಿಗೊಮ್ಮೆ ಸರದಿ ಬದಲಾಯಿಸುತ್ತಿದ್ದವು. ಒಂದೊಂದಕ್ಕೆ ಮಚಿ-ಬುಗ್ಯೊ ಎಂಬ ಒಬ್ಬ ಮುಖ್ಯಾಧಿಕಾರಿ, ಅವನ ಕೈಕೆಳಗೆ ಇಪ್ಪತ್ತೈದರಷ್ಟು ಹಿರಿಯ ಅಧಿಕಾರಿಗಳಾದ ಯೊರಿಕಿಗಳು, ಅವರ ಕೆಳಗೆ ನೂರಕ್ಕೂ ಹೆಚ್ಚು ಕಿರಿಯ ಅಧಿಕಾರಿಗಳಾದ ದೋಶಿನ್‌ಗಳು. ಇವರಲ್ಲಿ ಬೀದಿಗಿಳಿದು ಗಸ್ತು ತಿರುಗುವವರು ಕೆಲವರೇ. ಹಾಗಾಗಿ ದೋಶಿನ್‌ಗಳು ಒಕಪ್ಪಿಕಿ ಎಂಬ ಸುದ್ದಿಗಾರರನ್ನು ಇಟ್ಟುಕೊಳ್ಳುತ್ತಿದ್ದರು. ಒಕಪ್ಪಿಕಿಗಳು ಸರಕಾರದ ನೌಕರರಲ್ಲ. ಎಷ್ಟೋ ಮಂದಿ ತಾವೇ ಒಮ್ಮೆ ಅಪರಾಧ ಮಾಡಿ ಸಿಕ್ಕಿಬಿದ್ದವರು. ಅವರು ಜನರನ್ನು ಸುಲಿಯುತ್ತಾರೆಂದು ಶೋಗನ್ ಸರಕಾರ ಮತ್ತೆ ಮತ್ತೆ ನಿಷೇಧ ಹೊರಡಿಸಿತು, ಮತ್ತೆ ಮತ್ತೆ ಅವರಿಲ್ಲದೆ ಕೆಲಸ ಸಾಗದೆ ಕಣ್ಣುಮುಚ್ಚಿ ಕುಳಿತಿತು. ಹನ್‌ಶಿಚಿ ಇಂಥವನೇ, ಮುಂದೆ ಬಂದ ಝೆನಿಗತಾ ಹೇಜಿಯೂ ಇಂಥವನೇ. ಸಿನಿಮಾದ ಒಕಪ್ಪಿಕಿಗಳೆಲ್ಲ ಹಾಲಿನಲ್ಲಿ ತೊಳೆದ ಮುತ್ತುಗಳು; ಚರಿತ್ರೆಯವರು ಹಾಗಿರಲಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಅವರ ಕೈಗೆ ಎಟುಕುತ್ತಿದ್ದ ನೆಲ. ಎದೋದ ಜಾಗದಲ್ಲಿ ಸುಮಾರು ಮುಕ್ಕಾಲು ಪಾಲು ಸಮುರಾಯ್‌ಗಳ ಮನೆ-ಮಹಲುಗಳಿಗೇ ಮೀಸಲು. ಉಳಿದದ್ದರಲ್ಲಿ ಒಂದು ಪಾಲು ದೇವಸ್ಥಾನ-ವಿಹಾರಗಳದ್ದು. ಮಚಿ-ಬುಗ್ಯೊನ ಅಧಿಕಾರ ಇವೆರಡರ ಬಾಗಿಲಲ್ಲೇ ನಿಲ್ಲುತ್ತಿತ್ತು. ಸಾಮಂತನ ಮಹಲಿನ ಒಳಗೆ ಕೊಲೆಯಾದರೆ ಹೊರಗಿನ ಪತ್ತೇದಾರ ಗೋಡೆಯ ಈಚೆ ನಿಂತು ನಾಯಿ ಬೊಗಳುವುದನ್ನು ಕೇಳಿಸಿಕೊಳ್ಳಬಹುದಿತ್ತು, ಅಷ್ಟೇ.

ಇನ್ನು ನ್ಯಾಯದ ಕ್ರಮ. 1742ರಲ್ಲಿ ಎಂಟನೆಯ ಶೋಗನ್ ಯೊಶಿಮುನೆಯ ಆಳ್ವಿಕೆಯಲ್ಲಿ ಸಿದ್ಧವಾದ ದಂಡಸಂಹಿತೆ ಯಾವ ಅಪರಾಧಕ್ಕೆ ಯಾವ ಶಿಕ್ಷೆ ಎಂದು ಗೊತ್ತುಮಾಡಿತು. ಗಂಭೀರ ಅಪರಾಧದಲ್ಲಿ ತೀರ್ಪು ಕೊಡಬೇಕಾದರೆ ಆರೋಪಿಯ ತಪ್ಪೊಪ್ಪಿಗೆಯೇ ಬೇಕು. ಅದು ಬಾಯಿಂದ ಬಾರದಿದ್ದರೆ ಬರಿಸುವ ದಾರಿಗಳೂ ಇದ್ದವು: ಚಾವಟಿ, ಏಣುಗಳಿರುವ ಹಲಗೆಯ ಮೇಲೆ ಮಂಡಿಯೂರಿಸಿ ತೊಡೆಯ ಮೇಲೆ ಕಲ್ಲು ಹೇರುವುದು, ಮೈಯನ್ನು ಸಿಗಡಿಯಂತೆ ಬಗ್ಗಿಸಿ ಕಟ್ಟುವುದು, ಕೊನೆಗೆ ಕೈಗಳನ್ನು ಹಿಂದೆ ಕಟ್ಟಿ ತೂಗುಹಾಕುವುದು. ಇದರ ಜೊತೆಗೇ, ಹಿಂಸೆಗೆ ಇಳಿಯಬೇಕಾದ ನ್ಯಾಯಾಧಿಕಾರಿ ತನ್ನ ಕೆಲಸದಲ್ಲಿ ದಡ್ಡ ಎಂಬ ಭಾವನೆಯೂ ಅಧಿಕಾರಿಗಳಲ್ಲಿತ್ತು. ಈ ಎರಡನೆಯ ಭಾವನೆಯಿಂದಲೇ ಜಾಣ ನ್ಯಾಯಾಧೀಶರ ದಂತಕಥೆಗಳು ಹಬ್ಬಿದವು. 1717ರಿಂದ ಎರಡು ದಶಕ ಎದೋದ ಮಚಿ-ಬುಗ್ಯೊ ಆಗಿದ್ದ ಓಕಾ ತದಾಸುಕೆಯ ಹೆಸರಿನಲ್ಲಿ ಹೇಳುವ ಎಷ್ಟೋ ಕಥೆಗಳು ಅವನ ಕಚೇರಿಯಲ್ಲಿ ನಡೆದವೇ ಅಲ್ಲ, ಚೀನಾದ ತೀರ್ಪು-ಸಂಗ್ರಹಗಳಿಂದ ಬಂದವು. ಒಂದು ಮಗುವಿಗಾಗಿ ಇಬ್ಬರು ತಾಯಂದಿರು ಜಗಳಾಡುವುದು, ಇಬ್ಬರೂ ಎಳೆಯಿರಿ ಎಂದು ಆತ ಹೇಳಿದಾಗ ಹೆತ್ತವಳು ಕೈ ಬಿಡುವುದು ಅವನ ಹೆಸರಿನ ಪ್ರಸಿದ್ಧ ತೀರ್ಪು. ಬೌದ್ಧ ಜಾತಕ ಕಥೆಗಳನ್ನು ಬಲ್ಲವರಿಗೆ ಮಹೋಸಧನ ಕಥೆಯಲ್ಲಿ ಇದೇ ಪ್ರಸಂಗ ಸಿಗುತ್ತದೆ. ಅಲ್ಲಿ ಸುಳ್ಳು ತಾಯಿ ಒಬ್ಬ ಯಕ್ಷಿಣಿ. ಹೀಗೆ ಏಷ್ಯಾದ ಉದ್ದಗಲಕ್ಕೂ ಅಲೆದ ಕಥೆಯೊಂದು ಎದೋದ ಅಧಿಕಾರಿಯ ಕೊರಳಿಗೆ ಹಾರವಾಗಿ ಬಿತ್ತು.

ತೊಯಾಮಾ ನೊ ಕಿನ್‌-ಸಾನ್ ಚಿತ್ರಗಳಲ್ಲಿ ಈ ಜಾಣ ನ್ಯಾಯಾಧೀಶನ ಕಲ್ಪನೆ ತನ್ನ ತುದಿ ಮುಟ್ಟುತ್ತದೆ. ತೊಯಾಮಾ ಕಾಗೆಮೊತೊ 19ನೇ ಶತಮಾನದಲ್ಲಿ ನಿಜವಾಗಿ ಇದ್ದ ಮಚಿ-ಬುಗ್ಯೊ. ಅವನ ಮೈಮೇಲೆ ಹಚ್ಚೆ ಇತ್ತೆಂಬುದು ದಂತಕಥೆ. 1950ರ ದಶಕದಲ್ಲಿ ಕತಾಓಕಾ ಚಿಯೆಝೊ ಈ ಪಾತ್ರವನ್ನು ಮನೆಮಾತಾಗಿಸಿದರು, ಆಮೇಲೆ ಟೆಲಿವಿಷನ್ ಅದನ್ನು ಬಿಡಲೇ ಇಲ್ಲ. ಕಥೆಯ ಅಚ್ಚು ಎಂದೂ ಬದಲಾಗದು. ನ್ಯಾಯಾಧೀಶ ಪೋಲಿ ಹುಡುಗನ ವೇಷದಲ್ಲಿ ಪೇಟೆ ಸುತ್ತುತ್ತಾನೆ, ದುಷ್ಟರು ಅವನ ಎದುರಿಗೇ ಅಪರಾಧ ಮಾಡುತ್ತಾರೆ. ಆಮೇಲೆ ಬಿಳಿ ಮರಳು ಹಾಸಿದ ವಿಚಾರಣೆಯ ಅಂಗಳದಲ್ಲಿ ಅವರು ಎಲ್ಲವನ್ನೂ ನಿರಾಕರಿಸುತ್ತಾರೆ, ಸಾಕ್ಷಿಯಿದ್ದರೆ ಆ ಪೋಲಿಯನ್ನು ಕರೆಸಿ ಎನ್ನುತ್ತಾರೆ. ಆಗ ಮೇಲೆ ಕುಳಿತ ಅಧಿಕಾರಿ ಭುಜದ ಬಟ್ಟೆ ಜಾರಿಸಿ ಚೆರ್ರಿ ಹೂವಿನ ಹಚ್ಚೆ ತೋರಿಸುತ್ತಾನೆ. ಕಾನೂನಿನ ಕಣ್ಣಿಂದ ನೋಡಿದರೆ ಇದು ಹಾಸ್ಯಾಸ್ಪದ: ಸಾಕ್ಷಿಯೇ ತನಿಖಾಧಿಕಾರಿ, ತನಿಖಾಧಿಕಾರಿಯೇ ತೀರ್ಪುಗಾರ. ಆದರೆ ಈ ತಂತ್ರದ ಜಾಣತನಕ್ಕೆ ತಲೆದೂಗಲೇಬೇಕು. ತಪ್ಪೊಪ್ಪಿಗೆ ಬೇಕೇ ಬೇಕು ಎನ್ನುವ ವ್ಯವಸ್ಥೆಯ ಎಲ್ಲ ಕ್ರೌರ್ಯವನ್ನೂ ಅದು ಒಂದೇ ಏಟಿಗೆ ಅಳಿಸಿಬಿಡುತ್ತದೆ. ಕಲ್ಲು ಹೇರಬೇಕಿಲ್ಲ, ತೂಗುಹಾಕಬೇಕಿಲ್ಲ. ಆಳುವವನೇ ಕಣ್ಣಾರೆ ಕಂಡಿದ್ದಾನೆ, ಕಳ್ಳ ತಲೆಬಾಗುತ್ತಾನೆ. ನೋಡುಗನಿಗೆ ಸಿಗುವ ನೆಮ್ಮದಿ ಪತ್ತೇದಾರಿಕೆಯದ್ದಲ್ಲ, ದೊರೆ ನಮ್ಮ ನಡುವೆ ಓಡಾಡಿಕೊಂಡಿದ್ದಾನೆ ಎಂಬ ಹಳೆಯ ನಂಬಿಕೆಯದ್ದು.

ಝೆನಿಗತಾ ಹೇಜಿಯ ಕಥೆ ಬೇರೆ. ಅವನನ್ನು ಇದೇ ಗುಂಪಿಗೆ ಸೇರಿಸಿ ತಳ್ಳಿಹಾಕುವುದು ಅನ್ಯಾಯ. ನೊಮುರಾ ಕೊದೊ 1931ರಲ್ಲಿ ಶುರುಮಾಡಿ 1957ರವರೆಗೆ 383 ಹೇಜಿ ಕಥೆಗಳನ್ನು ಬರೆದರು. ಕಾನೂನು ಓದಲು ಟೋಕಿಯೊ ವಿಶ್ವವಿದ್ಯಾಲಯ ಸೇರಿ ಅರ್ಧಕ್ಕೆ ಬಿಟ್ಟ ಪತ್ರಕರ್ತ ಅವರು. ಬೇರೊಂದು ಹೆಸರಿನಲ್ಲಿ ಪಾಶ್ಚಾತ್ಯ ಸಂಗೀತದ ಬಗ್ಗೆಯೂ ಬರೆಯುತ್ತಿದ್ದರು. ಹೇಜಿಯ ಆಯುಧ ಕತ್ತಿಯಲ್ಲ, ಕೈಯಿಂದ ಎಸೆಯುವ ನಾಣ್ಯ. ಈ ಸಣ್ಣ ವಿವರ ಯುದ್ಧಾನಂತರ ದೊಡ್ಡ ಉಪಕಾರ ಮಾಡಿತು. 1945ರಲ್ಲಿ ಜಪಾನನ್ನು ಹಿಡಿದ ಅಮೆರಿಕದ ಆಡಳಿತ ಊಳಿಗಮಾನ್ಯ ನಿಷ್ಠೆಯನ್ನೂ ಸೇಡನ್ನೂ ಹೊಗಳುವ ಚಿತ್ರಗಳನ್ನು ತಡೆಯಿತು. ಕತ್ತಿವರಸೆಯ ನಟರೆಲ್ಲ ಕೈಕಟ್ಟಿ ಕೂರುವಂತಾಯಿತು. ಕತಾಓಕಾ ಚಿಯೆಝೊ 1946ರಲ್ಲಿ ಕೋಟು-ಪಿಸ್ತೂಲಿನ ಆಧುನಿಕ ಪತ್ತೇದಾರ ತರಾಓ ಬನ್ನಾಯ್ ಆಗಿದ್ದು ಈ ಇಕ್ಕಟ್ಟಿನಿಂದಲೇ. ಹಳೆಯ ಕಾಲದ ಉಡುಪಿನಲ್ಲೇ ಕತ್ತಿ ಹಿರಿಯದೆ ಕಥೆ ನಡೆಸಬಲ್ಲವನು ಹೇಜಿ. ಹಸೆಗಾವಾ ಕಝುಓ 1949ರಿಂದ 1961ರವರೆಗೆ ಹದಿನೆಂಟು ಚಿತ್ರಗಳಲ್ಲಿ ಅವನಾದರು. ಆಮೇಲೆ ಓಕಾವಾ ಹಶಿಝೊ 1966ರಿಂದ 1984ರವರೆಗೆ ದೂರದರ್ಶನದಲ್ಲಿ 888 ಕಂತುಗಳಲ್ಲಿ ಅದೇ ಪಾತ್ರವನ್ನು ಒಬ್ಬರೇ ಹೊತ್ತರು. ಆದರೆ ನೊಮುರಾ ಅವರ ಕಥೆಗಳಲ್ಲಿ ಹೇಜಿ ಪದೇಪದೇ ಮಾಡುವ ಕೆಲಸವೊಂದಿದೆ. ಕೊಲೆಗಾರ ಯಾರೆಂದು ಕಂಡುಹಿಡಿದ ಮೇಲೆ, ಕೊಂದವನು ನೊಂದವನಾಗಿದ್ದರೆ, ಅವನನ್ನು ಬಿಟ್ಟುಬಿಡುತ್ತಾನೆ. ಪ್ರಕರಣ ಬಗೆಹರಿಯಲಿಲ್ಲ ಎಂಬ ಅಪಕೀರ್ತಿಯನ್ನು ತಾನೇ ಹೊರುತ್ತಾನೆ. ದಫ್ತರ ಖಾಲಿ ಉಳಿಯುತ್ತದೆ. ಇಲ್ಲಿ ದಯೆ ಇದೆ ನಿಜ. ದಯೆಯ ಜೊತೆಗೆ, ಸತ್ಯವನ್ನು ಆ ಕಚೇರಿಗೆ ಒಪ್ಪಿಸಿದರೆ ನ್ಯಾಯವಾಗುವುದಿಲ್ಲ ಎಂಬ ಅನುಮಾನವೂ ಇದೆ. ಕಾನೂನು ಓದನ್ನು ಅರ್ಧಕ್ಕೆ ಬಿಟ್ಟ ಲೇಖಕನ ಅನುಮಾನ ಅದು ಎಂದು ನನ್ನ ಊಹೆ.

ಜನಪ್ರಿಯ ಧಾರೆಯಿಂದ ಇನ್ನೊಂದು ಬದಿಗೆ ಹೊರಳಿದರೆ ಮೊದಲು ಎದುರಾಗುವುದು 1950ರ 'ರಾಶೋಮಾನ್'. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ತೊಕುಗಾವಾ ಕಾಲದ್ದಲ್ಲ, ಅದಕ್ಕೂ ಶತಮಾನಗಳ ಹಿಂದಿನ ಹೇಯನ್ ಕಾಲದ್ದು. ಕಾಡಿನಲ್ಲಿ ಸತ್ತವನು ಮಾತ್ರ ಸಮುರಾಯ್. ಅಕುತಾಗಾವಾ 1922ರಲ್ಲಿ ಬರೆದ ಕಥೆಯನ್ನು ಅಕಿರಾ ಕುರೊಸಾವಾ ತೆರೆಗೆ ತಂದರು, ಮರುವರ್ಷ ವೆನಿಸ್‌ನಲ್ಲಿ ಅದಕ್ಕೆ ಸ್ವರ್ಣ ಸಿಂಹ ಬಂತು. ಒಂದೇ ಘಟನೆಯನ್ನು ಹಲವರು ಹಲವು ಬಗೆಯಲ್ಲಿ ಹೇಳುವ ಅದರ ಕ್ರಮ ಲೋಕದ ತುಂಬ ಹಬ್ಬಿದೆ. ಕನ್ನಡದ ನೋಡುಗರಿಗೆ 'ಉಳಿದವರು ಕಂಡಂತೆ' ನೆನಪಾಗುತ್ತದೆ. ಹಾಗೆ ಹಬ್ಬಿದ್ದರಿಂದ ಒಂದು ಹಾನಿಯೂ ಆಯಿತು. ಸತ್ಯ ಎಂಬುದೇ ಇಲ್ಲ, ಎಲ್ಲವೂ ನೋಡುವವರ ಕಣ್ಣಿನದು ಎಂಬ ಸವಕಲು ತತ್ತ್ವವನ್ನು ಚಿತ್ರದ ತಲೆಗೆ ಕಟ್ಟಿದರು. ಚಿತ್ರವನ್ನು ಪತ್ತೇದಾರಿ ಕಣ್ಣಿನಿಂದ ನೋಡಿದರೆ ಬೇರೆಯದೇ ಕಾಣುತ್ತದೆ. ವಿಚಾರಣೆಯ ಅಂಗಳದಲ್ಲಿ ಅಧಿಕಾರಿ ಒಮ್ಮೆಯೂ ತೆರೆಯ ಮೇಲೆ ಬರುವುದಿಲ್ಲ, ಅವನ ದನಿಯೂ ಕೇಳುವುದಿಲ್ಲ, ತೀರ್ಪೂ ಬರುವುದಿಲ್ಲ. ಸತ್ತವನ ಮಾತನ್ನೂ ಮೈಮೇಲೆ ಆತ್ಮ ಬರಿಸಿಕೊಳ್ಳುವ ಹೆಂಗಸಿನ ಬಾಯಲ್ಲಿ ಕೇಳಿಸಿಕೊಳ್ಳುವ ಆ ಕಚೇರಿಗೆ, ಕಾಣೆಯಾದ ಮುತ್ತು ಕೂಡಿಸಿದ ಕಠಾರಿಯ ಜಾಡನ್ನು ಕೊನೆವರೆಗೆ ಬೆನ್ನುಹತ್ತಬೇಕೆನಿಸುವುದಿಲ್ಲ. ಅದನ್ನು ಬೆನ್ನುಹತ್ತುವವನು ಪಾಳುಬಿದ್ದ ಹೆಬ್ಬಾಗಿಲ ಕೆಳಗೆ ಮಳೆಗೆ ನಿಂತ ಹೆಸರಿಲ್ಲದ ಒಬ್ಬ ಪೋಕರಿ. ಎಲ್ಲವನ್ನೂ ಕಣ್ಣಾರೆ ಕಂಡೆ ಎಂದು ಅಲ್ಲಿ ಹೇಳಿಕೊಳ್ಳುವ ಸೌದೆಗಾರನ ಕಥೆಯಲ್ಲಿ ಕಠಾರಿಯ ಸುದ್ದಿಯೇ ಇಲ್ಲದ್ದನ್ನು ಗಮನಿಸಿ, ಕದ್ದವನು ನೀನೇ ಎಂದು ಅವನು ಹೇಳುತ್ತಾನೆ. ಇಡೀ ಚಿತ್ರದಲ್ಲಿ ಭೌತಿಕ ಸುಳಿವಿನಿಂದ ತರ್ಕ ಮಾಡಿ ಸತ್ಯ ಮುಟ್ಟಿದವನು ಅವನೊಬ್ಬನೇ. ಅಂದರೆ 'ರಾಶೋಮಾನ್'ನಲ್ಲಿ ಪತ್ತೇದಾರ ಇದ್ದಾನೆ; ನ್ಯಾಯಾಲಯದಲ್ಲಿ ಇಲ್ಲ, ಅಷ್ಟೇ. ಅವನು ಒಳ್ಳೆಯವನೂ ಅಲ್ಲ: ಅನಾಥ ಮಗುವಿನ ಮೈಮೇಲಿನ ಬಟ್ಟೆ ಎತ್ತಿಕೊಂಡು ಹೊರಟುಹೋಗುತ್ತಾನೆ, ಅವನು ಕಂಡುಕೊಂಡ ಸತ್ಯ ಯಾವ ದಫ್ತರವನ್ನೂ ಸೇರುವುದಿಲ್ಲ.

ಈ ಚಿತ್ರಕ್ಕೆ ಕುರೊಸಾವಾ ಜೊತೆ ಕುಳಿತು ಚಿತ್ರಕಥೆ ಬರೆದ ಹಶಿಮೊತೊ ಶಿನೊಬು ನನ್ನ ವಾದಕ್ಕೆ ದೊಡ್ಡ ಸಾಕ್ಷಿ. 1918ರಲ್ಲಿ ಹುಟ್ಟಿ ನೂರು ವರ್ಷ ಬಾಳಿದ ಈ ಮನುಷ್ಯ ಸಮುರಾಯ್ ಚಿತ್ರಗಳ ಬರಹಗಾರ ಎಂದೇ ಹೊರಲೋಕದಲ್ಲಿ ಹೆಸರಾದವರು. ಜಪಾನಿನಲ್ಲಿ ಅವರಿಗೆ ಅಷ್ಟೇ ದೊಡ್ಡ ಹೆಸರು ತಂದುಕೊಟ್ಟದ್ದು ಆಧುನಿಕ ಅಪರಾಧ ಚಿತ್ರಗಳು. ಮತ್ಸುಮೊತೊ ಸೆಯಿಚೊ ಅವರ ಕೃತಿಗಳಿಂದ 1958ರ 'ಹರಿಕೊಮಿ', 1961ರ 'ಝೆರೊ ನೊ ಶೊತೆನ್', 1974ರ 'ಸುನಾ ನೊ ಉತ್ಸುವಾ' ಬರೆದವರು ಅವರೇ. ಇವೆಲ್ಲದಕ್ಕೂ ಮೊದಲು, 1956ರಲ್ಲಿ, ಇಮಾಯ್ ತದಾಶಿ ನಿರ್ದೇಶಿಸಿದ 'ಮಹಿರು ನೊ ಅಂಕೊಕು' ಚಿತ್ರಕ್ಕೆ ಬರೆದರು. 1951ರಲ್ಲಿ ಯಮಗುಚಿ ಪ್ರಾಂತದ ಹಳ್ಳಿಯೊಂದರಲ್ಲಿ ವೃದ್ಧ ದಂಪತಿಗಳ ಕೊಲೆಯಾಯಿತು. ಪೊಲೀಸರು ಹೊಡೆದು ಬಡಿದು ತಪ್ಪೊಪ್ಪಿಗೆ ಬರೆಸಿಕೊಂಡು ನಿರಪರಾಧಿಗಳನ್ನು ಸಿಕ್ಕಿಸಿದರು ಎಂಬುದು ಚಿತ್ರದ ಆರೋಪ. ಪ್ರಕರಣ ಸರ್ವೋಚ್ಚ ನ್ಯಾಯಾಲಯದಲ್ಲಿ ಇನ್ನೂ ನಡೆಯುತ್ತಿದ್ದಾಗಲೇ ಚಿತ್ರ ಬಂತು. ಹಾಗೆ ಸಿಕ್ಕಿಕೊಂಡವರ ಬಿಡುಗಡೆ ಅಂತಿಮವಾಗಿ ಖಚಿತವಾದದ್ದು 1968ರಲ್ಲಿ. ತಪ್ಪೊಪ್ಪಿಗೆಯ ಕಾಗದವೊಂದು ಹೇಗೆ ತಯಾರಾಗುತ್ತದೆ, ಅಧಿಕೃತ ಕಥನದ ಹೊಲಿಗೆಗಳು ಎಲ್ಲೆಲ್ಲಿ ಬಿಚ್ಚುತ್ತವೆ ಎಂಬುದನ್ನು ಇಷ್ಟು ಹತ್ತಿರದಿಂದ ನೋಡಿದ ಲೇಖಕ ಆರು ವರ್ಷದ ಮೇಲೆ 'ಹರಾಕಿರಿ' ಬರೆದರು.

ಕೊಬಯಾಶಿ ಮಸಾಕಿ 1962ರಲ್ಲಿ ನಿರ್ದೇಶಿಸಿದ ಈ ಚಿತ್ರದ ಕಾಲ 1630. ಯುದ್ಧಗಳು ಮುಗಿದಿವೆ, ಶೋಗನ್ ಸರಕಾರ ಸಂಸ್ಥಾನಗಳನ್ನು ಒಂದೊಂದಾಗಿ ರದ್ದು ಮಾಡುತ್ತಿದೆ, ಒಡೆಯನಿಲ್ಲದ ರೋನಿನ್‌ಗಳು ಎದೋದ ಬೀದಿಗಳಲ್ಲಿ ತುಂಬಿದ್ದಾರೆ. 1619ರಲ್ಲಿ ಮುಳುಗಿದ ಫುಕುಶಿಮಾ ಮನೆತನದ ತ್ಸುಗುಮೊ ಹನ್‌ಶಿರೊ ಎಂಬ ರೋನಿನ್ ಬಲಿಷ್ಠ ಇಯಿ ಮನೆತನದ ಮಹಲಿಗೆ ಬಂದು, ನಿಮ್ಮ ಅಂಗಳದಲ್ಲಿ ಹೊಟ್ಟೆ ಸೀಳಿಕೊಂಡು ಮಾನದಿಂದ ಸಾಯಲು ಅವಕಾಶ ಕೊಡಿ ಎಂದು ಕೇಳುತ್ತಾನೆ. ಹೀಗೆ ಕೇಳಿ ಬರುವವರಿಗೆ ನಾಲ್ಕು ಕಾಸು ಕೊಟ್ಟು ಸಾಗಹಾಕುವ ರೂಢಿ ಇತರ ಮಹಲುಗಳಲ್ಲಿ ಬೆಳೆದಿದೆ. ಇಯಿ ಮನೆತನದ ಕಾರಭಾರಿ ಸಾಯಿತೊ ಕಾಗೆಯು ಅವನನ್ನು ಹೆದರಿಸಲು ಕೆಲವೇ ತಿಂಗಳ ಹಿಂದಿನ ಪ್ರಕರಣ ಹೇಳುತ್ತಾನೆ. ಚಿಜಿವಾ ಮೊತೊಮೆ ಎಂಬ ತರುಣ ಇದೇ ಬೇಡಿಕೆ ಹೊತ್ತು ಬಂದಿದ್ದ, ಆಗಲಿ ಸಾಯಿ ಎಂದಾಗ ಒಂದೆರಡು ದಿನ ಗಡುವು ಬೇಡಿದ; ಅವನ ಒರೆಯಲ್ಲಿದ್ದದ್ದು ಬಿದಿರಿನ ಕತ್ತಿ; ಆ ಬಿದಿರಿನಿಂದಲೇ ಅವನು ಸಾಯುವಂತೆ ಮಾಡಲಾಯಿತು. ಈ ಕಥನವನ್ನು ಕೊಬಯಾಶಿ ನಮಗೆ ಪೂರ್ತಿ ತೋರಿಸುತ್ತಾರೆ, ನಾವೂ ಮೊತೊಮೆಯನ್ನು ಮೋಸಗಾರನೆಂದು ಸ್ವಲ್ಪ ಮಟ್ಟಿಗಾದರೂ ಒಪ್ಪಿಬಿಡುತ್ತೇವೆ. ಅಲ್ಲಿಂದ ಮುಂದೆ ಅಂಗಳದ ಚಾಪೆಯ ಮೇಲೆ ಕುಳಿತ ಹನ್‌ಶಿರೊ ಆ ಪ್ರಕರಣದ ಮರುವಿಚಾರಣೆ ಶುರುಮಾಡುತ್ತಾನೆ. ಸಾವಿನ ಕ್ರಿಯೆಯಲ್ಲಿ ತನಗೆ ನೆರವಾಗಲು ಆ ಮಹಲಿನ ಸಮುರಾಯ್ ಒಮೊದಾಕಾ ಬರಲಿ ಎನ್ನುತ್ತಾನೆ; ಕರೆಯಲು ಹೋದವರು ಅವನಿಗೆ ಕಾಯಿಲೆ ಎಂದು ಬರುತ್ತಾರೆ. ಯಝಾಕಿ ಬರಲಿ, ಅವನಿಗೂ ಕಾಯಿಲೆ. ಕವಾಬೆ ಬರಲಿ, ಅವನಿಗೂ ಅದೇ. ಮೂವರು ಒಂದೇ ದಿನ ಹಾಸಿಗೆ ಹಿಡಿದದ್ದು ಹೇಗೆ? ಮೊತೊಮೆಯನ್ನು ಆ ಸಾವಿಗೆ ತಳ್ಳಿದ ಮೂವರು ಅವರೇ ಎಂಬುದು ಕಾರಭಾರಿಗೆ ಹೊಳೆಯುತ್ತದೆ. ಹನ್‌ಶಿರೊ ಆ ಹುಡುಗ ತನ್ನ ಅಳಿಯ ಎಂದೂ, ಕಾಯಿಲೆ ಬಿದ್ದ ಮನೆಯವರಿಗಾಗಿ ಕತ್ತಿ ಮಾರಿದ್ದ ಎಂದೂ ಒಂದೊಂದಾಗಿ ಬಿಚ್ಚುತ್ತಾನೆ. ಕೊನೆಗೆ ಮೂರು ಜುಟ್ಟುಗಳನ್ನು ಅಂಗಳಕ್ಕೆ ಎಸೆಯುತ್ತಾನೆ. ಸಮುರಾಯ್‌ಗೆ ಜುಟ್ಟು ಹೋದರೆ ಮಾನ ಹೋದಂತೆ. ಮಾನ ಹೋದವರು ಹೊಟ್ಟೆ ಸೀಳಿಕೊಳ್ಳಬೇಕಿತ್ತು, ಆದರೆ ಕೂದಲು ಬೆಳೆಯಲಿ ಎಂದು ಕಾಯಿಲೆಯ ನೆಪ ಹೂಡಿ ಮನೆಯಲ್ಲಿ ಅಡಗಿದ್ದಾರೆ. ಸಾಕ್ಷ್ಯ ಇದಕ್ಕಿಂತ ಅಚ್ಚುಕಟ್ಟಾಗಿರಲು ಸಾಧ್ಯವಿಲ್ಲ.

ಇದು ಸೇಡಿನ ಕಥೆ, ಪತ್ತೇದಾರಿಕೆಗೂ ಇದಕ್ಕೂ ಏನು ಸಂಬಂಧ ಎಂಬ ಆಕ್ಷೇಪ ಸಹಜ. ಹನ್‌ಶಿರೊ ಯಾವ ಕಚೇರಿಯ ಅಧಿಕಾರಿಯೂ ಅಲ್ಲ. ಜುಟ್ಟು ಕತ್ತರಿಸುವ ಕೆಲಸವನ್ನು ಅಂಗಳಕ್ಕೆ ಬರುವ ಮೊದಲೇ ಮುಗಿಸಿದ್ದಾನೆ. ಆದರೆ ಸೇಡು ಅಷ್ಟಕ್ಕೇ ಮುಗಿದಿದ್ದರೆ ಅವನು ಆ ಮಹಲಿಗೆ ಬರುವ ಅಗತ್ಯವೇ ಇರಲಿಲ್ಲ. ಅವನು ಬಂದದ್ದು ಒಂದು ಪ್ರಶ್ನೆ ಕೇಳಲು: ಮೊತೊಮೆ ಏಕೆ ಗಡುವು ಬೇಡಿದ ಎಂದು ನಿಮ್ಮಲ್ಲಿ ಒಬ್ಬನಾದರೂ ಯಾಕೆ ವಿಚಾರಿಸಲಿಲ್ಲ? ಅಂದರೆ ಅವನ ದೂರು ತನಿಖೆಯ ಲೋಪದ ಮೇಲೆ. ಮಚಿ-ಬುಗ್ಯೊ ಕಾಲಿಡಲಾಗದ ಗೋಡೆಯೊಳಗೆ, ಸಾವನ್ನೇ ಪ್ರವೇಶಪತ್ರ ಮಾಡಿಕೊಂಡು ಒಬ್ಬ ತನಿಖೆಗಾರ ಬಂದು ಕುಳಿತಿದ್ದಾನೆ. ಹಾಗಾದರೆ ಹಿಂದಿನದನ್ನು ಬಿಡಿಸಿ ಹೇಳುವ ಚಿತ್ರಗಳೆಲ್ಲ ಪತ್ತೇದಾರಿಯಾಗಿಬಿಡುತ್ತವೆಯೇ ಎಂದರೆ, ಇಲ್ಲ. ಒಂದು ಘಟನೆಯ ಬಗ್ಗೆ ಒಪ್ಪಿಕೊಂಡ ವಿವರಣೆ ಇರಬೇಕು, ಅದಕ್ಕೆ ಹೊಂದದ ಸುಳಿವುಗಳು ನೋಡುಗನ ಕಣ್ಣೆದುರೇ ಬೀಳಬೇಕು, ಅವುಗಳ ಬಲದಿಂದ ವಿವರಣೆ ತಲೆಕೆಳಗಾಗಬೇಕು. 'ಸೆವೆನ್ ಸಮುರಾಯ್'ನಲ್ಲಿ ಇದಿಲ್ಲ. 'ಯೊಜಿಂಬೊ'ದ ಬೇರು ಡ್ಯಾಶಿಯೆಲ್ ಹ್ಯಾಮೆಟ್‌ನ ಪತ್ತೇದಾರಿ ಕಾದಂಬರಿಯಲ್ಲಿದೆ ಎಂದು ಹಲವರು ಹೇಳುತ್ತಾರಾದರೂ ಅಲ್ಲಿ ಪತ್ತೆಮಾಡಲು ಏನೂ ಉಳಿದಿಲ್ಲ, ಎರಡೂ ಗುಂಪಿನವರು ದುಷ್ಟರೆಂದು ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ. 'ಹರಾಕಿರಿ' ಈ ಪರೀಕ್ಷೆಯಲ್ಲಿ ಪೂರಾ ತೇರ್ಗಡೆಯಾಗುತ್ತದೆ.

ಕೊನೆಯ ಭಾಗದಲ್ಲಿ ಅದು ಒಂದು ಹೆಜ್ಜೆ ಮುಂದೆಯೂ ಹೋಗುತ್ತದೆ. ಚಿತ್ರ ಶುರುವಾಗುವುದೇ ಇಯಿ ಮಹಲಿನ ದಿನಚರಿಯ ಬರಹದಿಂದ, ಮುಗಿಯುವುದೂ ಅದರಿಂದಲೇ. ನಡುವೆ ನಡೆದದ್ದನ್ನು ನಾವು ನೋಡಿದ್ದೇವೆ: ಹನ್‌ಶಿರೊ ಒಬ್ಬನೇ ಇಡೀ ಮಹಲಿನೊಡನೆ ಹೋರಾಡಿದ್ದು, ಪೂರ್ವಜರ ಪವಿತ್ರ ಕವಚವನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ್ದು, ಕತ್ತಿಯ ಧರ್ಮ ಸಾರುವವರೇ ಬಂದೂಕು ತಂದು ಗುಂಡು ಹಾರಿಸಿದ್ದು. ದಿನಚರಿಯಲ್ಲಿ ದಾಖಲಾಗುವುದು ರೋನಿನ್ ಒಬ್ಬ ಬಂದು ಹರಾಕಿರಿ ಮಾಡಿಕೊಂಡ ಎಂದು. ಅವನ ಕತ್ತಿಗೆ ಸತ್ತವರು, ಜುಟ್ಟು ಕಳೆದುಕೊಂಡು ಸಾಯಬೇಕಾದವರು, ಎಲ್ಲರೂ ಕಾಯಿಲೆಯಿಂದ ತೀರಿಕೊಂಡರು ಎಂದು. ಮಧ್ಯಾಹ್ನ ನೆಪವಾಗಿದ್ದ ಕಾಯಿಲೆ ಸಂಜೆಗೆ ಅಧಿಕೃತ ಇತಿಹಾಸವಾಯಿತು. ಪತ್ತೇದಾರ ಗೆದ್ದು, ಅವನು ಗೆದ್ದನೆಂಬ ಸಂಗತಿಯೇ ಅಳಿಸಿಹೋಗುವ ಇಂಥ ಮುಕ್ತಾಯವನ್ನು ತೊರಿಮೊನೊಚೊ ಸರಣಿಗಳು ಕನಸಿನಲ್ಲೂ ಎಣಿಸಲಾರವು. ಕಾನ್ ಚಿತ್ರೋತ್ಸವ 1963ರಲ್ಲಿ ಇದಕ್ಕೆ ತೀರ್ಪುಗಾರರ ವಿಶೇಷ ಬಹುಮಾನ ಕೊಟ್ಟಿತು. ಹೊಗಳಿದವರಲ್ಲಿ ಹೆಚ್ಚಿನವರು ನೋಡಿದ್ದು ಸಮುರಾಯ್ ಮೌಲ್ಯಗಳ ಮೇಲಿನ ಏಟನ್ನು. ಕಡತದ ಮೇಲಿನ ಏಟು ಅದಕ್ಕಿಂತ ಆಳವಾದದ್ದು.

ಹಶಿಮೊತೊ ಅದೇ ಗಾಯಕ್ಕೆ ಮತ್ತೆ ಕೈಯಿಟ್ಟರು. 1965ರಲ್ಲಿ ಒಕಾಮೊತೊ ಕಿಹಾಚಿ ನಿರ್ದೇಶಿಸಿದ 'ಸಮುರಾಯ್' 1860ರ ಸಕುರಾದಾ ಬಾಗಿಲ ಹತ್ಯೆಯ ಕಥೆ. ಶೋಗನ್ ಸರಕಾರದ ಮುಖ್ಯ ಮಂತ್ರಿ ಇಯಿ ನಾಓಸುಕೆಯನ್ನು ಹಿಮ ಬೀಳುತ್ತಿದ್ದ ಬೆಳಿಗ್ಗೆ ಕೊಲ್ಲಲು ಕಾದವರ ಗುಂಪಿನಲ್ಲಿ ಒಬ್ಬ ದ್ರೋಹಿ ಇದ್ದಾನೆ. ಅವನು ಯಾರು? ಮಿಫುನೆ ತೊಶಿರೊ ವಹಿಸಿದ ನೀರೊ ತ್ಸುರುಚಿಯೊನ ಮೇಲೆ ಶಂಕೆ, ಅವನ ಗೆಳೆಯನ ಮೇಲೂ ಶಂಕೆ. ತನಿಖೆ ತಪ್ಪು ದಾರಿ ಹಿಡಿದು ನಿರಪರಾಧಿಯೊಬ್ಬ ಸಾಯುತ್ತಾನೆ. ಪಕ್ಕದಲ್ಲೇ ಗುಮಾಸ್ತನೊಬ್ಬ ಕುಳಿತು ಸಂಚಿನ ವೃತ್ತಾಂತ ಬರೆಯುತ್ತಿದ್ದಾನೆ, ನಾಯಕ ಬೇಡವಾದದ್ದನ್ನು ಅದರಿಂದ ತೆಗೆಸುತ್ತಾನೆ. ಆಳುವವರು ಮಾತ್ರ ಕಡತ ತಿದ್ದುತ್ತಾರೆ ಎಂದು ನಂಬಿದವರಿಗೆ ಇದು ಒಳ್ಳೆಯ ಪೆಟ್ಟು. ಇಲ್ಲಿ ತಿದ್ದುವವರು ಬಂಡುಕೋರರು. ಎರಡೂ ಚಿತ್ರಗಳಲ್ಲಿ ಎದುರಿಗಿರುವುದು ಒಂದೇ ಇಯಿ ಮನೆತನ, 230 ವರ್ಷದ ಅಂತರದಲ್ಲಿ. 1969ರಲ್ಲಿ ಗೊಶಾ ಹಿದೆಓ ತೆಗೆದ 'ಗೊಯೊಕಿನ್' ಕೂಡ ಈ ಸಾಲಿಗೆ ಸೇರುತ್ತದೆ. ಅಲ್ಲಿ ಬೆಸ್ತರ ಹಳ್ಳಿಯೊಂದು ರಾತ್ರೋರಾತ್ರಿ ಬರಿದಾದದ್ದನ್ನು ದೇವರು ಎತ್ತಿಕೊಂಡು ಹೋದನೆಂದು ಜನ ನಂಬಿದ್ದಾರೆ, ನಿಜವಾಗಿ ಶೋಗನ್‌ನ ಚಿನ್ನ ಕದ್ದ ಸಂಸ್ಥಾನದವರೇ ಸಾಕ್ಷಿ ಉಳಿಯದಂತೆ ಅವರನ್ನು ಕೊಂದಿದ್ದಾರೆ. ಚಿತ್ರ ಅಲ್ಲಲ್ಲಿ ಜಾಳಾದರೂ ಈ ಕಲ್ಪನೆ ಗಟ್ಟಿ.

ಇದೆಲ್ಲ 1960ರ ದಶಕದ ರಾಜಕೀಯವನ್ನು ಹಳೆಯ ಕಾಲಕ್ಕೆ ತೊಡಿಸಿದ್ದು ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 1960ರಲ್ಲಿ ಅಮೆರಿಕದೊಡನೆ ಮಾಡಿಕೊಂಡ ಭದ್ರತಾ ಒಪ್ಪಂದದ ವಿರುದ್ಧ ಲಕ್ಷಗಟ್ಟಲೆ ಜನ ಬೀದಿಗಿಳಿದು ಸೋತರು. ಯುದ್ಧಕಾಲದಲ್ಲಿ ಸೈನಿಕನಾಗಿದ್ದ ಕೊಬಯಾಶಿ ಅಧಿಕಾರಿಯ ಪದವಿಗೆ ಬಡ್ತಿ ಬೇಡವೆಂದವರು. ಅವರ ಸಿಟ್ಟು ತಮ್ಮ ಕಾಲದ್ದೇ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಆ ಸಿಟ್ಟಿಗೆ ಎದೋ ಇಷ್ಟು ಸಲೀಸಾಗಿ ಹೊಂದಿಕೊಂಡದ್ದೇಕೆ ಎಂದು ಕೇಳಿಕೊಳ್ಳಬೇಕು. ಯಾವ ಚಳವಳಿಯ ಬಿಸಿಯೂ ಇಲ್ಲದ 1917ರ ಹನ್‌ಶಿಚಿ ಕಥೆಗಳಲ್ಲೇ ಹೇಳುವ ಕಾಲ ಬೇರೆ, ನಡೆದ ಕಾಲ ಬೇರೆ. ಜನಸಾಮಾನ್ಯರ ರಂಜನೆಗೆಂದೇ ಬರೆದ ಹೇಜಿಯೂ ದಫ್ತರಕ್ಕೆ ಸತ್ಯ ಒಪ್ಪಿಸಲು ಹಿಂಜರಿಯುತ್ತಾನೆ. ಸಿದ್ಧಾಂತ ಇಲ್ಲದ ಕಡೆಯೂ ಅದೇ ಬಿರುಕು ಕಾಣುತ್ತಿದ್ದರೆ ಅದು ಆ ಕಾಲದ್ದೇ ಬಿರುಕು. ಸುಳಿವುಗಳ ವಿಜ್ಞಾನವೇ ಇಲ್ಲದ ಕಾಲದಲ್ಲಿ ಪತ್ತೇದಾರಿಕೆ ಹೇಗೆ ಎಂದೂ ಕೆಲವರು ಕೇಳುತ್ತಾರೆ. ಅದಕ್ಕೆ ಉತ್ತರ ಚಿಕ್ಕದು. ಶವಪರೀಕ್ಷೆಯ ಚೀನೀ ಕೈಪಿಡಿಯೊಂದರ ಜಪಾನೀ ರೂಪ 18ನೇ ಶತಮಾನದಲ್ಲೇ ಅಚ್ಚಾಗಿತ್ತು. ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸಬಹುದೆಂದು ಹೆನ್ರಿ ಫಾಲ್ಡ್ಸ್ 1880ರಲ್ಲಿ 'ನೇಚರ್' ಪತ್ರಿಕೆಗೆ ಬರೆದದ್ದು ಟೋಕಿಯೊದಲ್ಲಿ ವೈದ್ಯನಾಗಿದ್ದಾಗಲೇ, ಶೋಗನ್ ಆಳ್ವಿಕೆ ಮುಗಿದು ಹನ್ನೆರಡೇ ವರ್ಷಕ್ಕೆ. ಕೊರತೆ ಇದ್ದದ್ದು ಸುಳಿವುಗಳದ್ದಲ್ಲ, ಸುಳಿವುಗಳನ್ನು ಕೇಳುವ ಕಿವಿಯದ್ದು.

ಈಚಿನ ಬರಹಗಾರರು ಈ ಸಂಗತಿಯನ್ನು ಕಣ್ಣು ತೆರೆದೇ ಕೈಗೆತ್ತಿಕೊಂಡಿದ್ದಾರೆ. ಯೊನೆಝಾವಾ ಹೊನೊಬು ಅವರ 2021ರ ಕಾದಂಬರಿ 'ಕೊಕುರೊಜೊ' ನಾಓಕಿ ಪ್ರಶಸ್ತಿ ಪಡೆಯಿತು. ನಿರ್ದೇಶಕ ಕಿಯೊಶಿ ಕುರೊಸಾವಾ ಅದನ್ನು ಚಿತ್ರಕ್ಕೆ ಎತ್ತಿಕೊಂಡಿದ್ದಾರೆ. ಕಾಲ 1578: ಒದಾ ನೊಬುನಾಗನ ವಿರುದ್ಧ ದಂಗೆಯೆದ್ದ ಅರಾಕಿ ಮುರಾಶಿಗೆ ಅರಿಓಕಾ ಕೋಟೆಯಲ್ಲಿ ಮುತ್ತಿಗೆಗೆ ಸಿಕ್ಕಿದ್ದಾನೆ, ಒಳಗೆ ಒಂದೊಂದಾಗಿ ಬಿಡಿಸಲಾಗದ ಸಾವುಗಳು. ಬಿಡಿಸಬಲ್ಲವನು ಅವನೇ ನೆಲಮಾಳಿಗೆಯಲ್ಲಿ ಸೆರೆಯಿಟ್ಟ ಶತ್ರುಪಕ್ಷದ ಕುರೊದಾ ಕನ್‌ಬೆಯಿ. ಇಲ್ಲಿ ಕೋಟೆಯ ಒಡೆಯನೇ ತನಿಖೆಗಾರ. ಸೈನ್ಯದ ನಂಬಿಕೆ ಉಳಿಯಬೇಕಾದರೆ ಅವನಿಗೆ ಉತ್ತರ ಬೇಕು, ಆದರೆ ಅದು ಸರಿಯಾದ ಉತ್ತರವೇ ಆಗಬೇಕೆಂದಿಲ್ಲ. ತೊಯಾಮಾ ಚಿತ್ರಗಳಲ್ಲಿ ನೆಮ್ಮದಿ ಕೊಟ್ಟ ಕಲ್ಪನೆಯೇ, ಅಂದರೆ ಆಳುವವನೇ ಪತ್ತೇದಾರನಾಗುವುದೇ, ಇಲ್ಲಿ ಭಯ ಹುಟ್ಟಿಸುತ್ತದೆ. ನಗಾಯಿ ಸಯಾಕೊ ಅವರಿಗೆ 2023ರಲ್ಲಿ ಅದೇ ಪ್ರಶಸ್ತಿ ತಂದ 'ಕೊಬಿಕಿಚೊ ನೊ ಅದಾಉಚಿ' ಎದೋದ ನಾಟಕದ ಬೀದಿಯಲ್ಲಿ ಎಲ್ಲರೆದುರು ನಡೆದ ಒಂದು ಸೇಡಿನ ಕಥೆ. ಎರಡು ವರ್ಷದ ಮೇಲೆ ತರುಣ ಸಮುರಾಯ್ ಒಬ್ಬ ಬಂದು ರಂಗದ ಹಿಂದಿನ ಜನರನ್ನು, ಸಮಾಜ ಕೆಳಗಿಟ್ಟವರನ್ನು, ಒಬ್ಬೊಬ್ಬರನ್ನಾಗಿ ವಿಚಾರಿಸುತ್ತ ಹೋಗುತ್ತಾನೆ. ಗುಟ್ಟು ಬಿಟ್ಟುಕೊಡದೆ ಇಷ್ಟು ಹೇಳಬಹುದು: ಅಲ್ಲಿಯೂ ಅಧಿಕೃತ ವೃತ್ತಾಂತ ಒಂದಿದೆ, ಅದನ್ನು ನಂಬಬಾರದು. ಆದರೆ ಈ ಸಲ ಅದನ್ನು ಕಟ್ಟಿದವರು ಮಹಲಿನೊಳಗಿನವರಲ್ಲ. ಹೇಜಿ ಖಾಲಿ ಬಿಟ್ಟ ಪುಟದಲ್ಲಿ ನಾಟಕದವರು ತಮಗೆ ಬೇಕಾದ್ದನ್ನು ಬರೆದಿದ್ದಾರೆ.